ಅಶ್ರುವಿಲ್ಲದ ಶೋಕ

ಪಣಜಿಯ ಚಿತ್ರೋತ್ಸವದಲ್ಲಿ ಪ್ರಯೋಗಶೀಲ ಚಿತ್ರಗಳನ್ನು ನೋಡಿ ಬರುವ ನಮ್ಮ ವಿದ್ಯಾರ್ಥಿಗಳ ದೂರು ಒಂದೇ: ‘ಪಾತ್ರಗಳು ಅಳುವುದೇ ಇಲ್ಲ, ನಮಗೆ ದುಃಖ ಹೇಗಾದೀತು?’

ಕರುಣರಸವೆಂದರೆ ಕಣ್ಣೀರೆಂದು ಭಾವಿಸಿದ್ದರ ಫಲವಿದು. ಭರತನು ಹೇಳಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಅಶ್ರು ಒಂದು ಮಾತ್ರ. ಮೈ ಮರಗಟ್ಟುವ ಸ್ತಂಭವೂ ಅವುಗಳಲ್ಲೊಂದು.

ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ವನ್ನು ನೆನೆಯಿರಿ. ಗರ್ಭಿಣಿಯಾದ ವಿಧವೆ ಯಮುನೆಗೆ, ಆಕೆ ಬದುಕಿರುವಾಗಲೇ, ತಂದೆ ಶ್ರಾದ್ಧ ಮಾಡುತ್ತಾನೆ. ಕೊನೆಗೆ ತಲೆ ಬೋಳಿಸಿಕೊಂಡ ಆಕೆ ಮರದಡಿ ಒಬ್ಬಳೇ ಕುಳಿತಿದ್ದಾಳೆ. ಆಕೆಯನ್ನು ಹಚ್ಚಿಕೊಂಡಿದ್ದ ಬಾಲಕ ನಾಣಿಯನ್ನು ಅವನ ಅಪ್ಪ ಕರೆದೊಯ್ಯುತ್ತಾನೆ. ಅಲ್ಲಿ ವಿಲಾಪವಿಲ್ಲ.

ಮರಾಠಿಯಲ್ಲಿ ವಿವಾಹ ವಿಚ್ಛೇದನಕ್ಕೆ ‘ಘಟಸ್ಫೋಟ’ವೆನ್ನುತ್ತಾರೆ. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ನನಗೆ ಈ ಪದಗಳು ಒಟ್ಟಿಗೇ ನೆನಪಾಗುತ್ತವೆ: ಗಡಿಗೆ ಒಡೆದರೆ ನಂಟು ಮುಗಿಯಿತು. ಅಳುವುದಕ್ಕೂ ಕೇಳುವವರೊಬ್ಬರು ಬೇಕು. ಎಲ್ಲ ನಂಟನ್ನೂ ಕಳೆದುಕೊಂಡ ಯಮುನೆ ಯಾರ ಮುಂದೆ ಅತ್ತಾಳು? ಅವಳು ಅತ್ತಿದ್ದರೆ ನಾವು ಒಂದಿಷ್ಟು ಮರುಗಿ, ಹಗುರಾಗಿ ಮನೆಗೆ ಹೋಗುತ್ತಿದ್ದೆವು. ಅವಳ ಮೌನ ನಮ್ಮನ್ನು ಹಾಗೆ ಬಿಡುವುದಿಲ್ಲ. ಬಹಿಷ್ಕರಿಸಿದವರ ಸಾಲಿನಲ್ಲಿ ನೀವೂ ಇದ್ದೀರಾ ಎಂದು ಕೇಳುತ್ತದೆ.

ಪಾತ್ರ ಏಕೆ ಅಳಲಿಲ್ಲ ಎನ್ನುವ ಮೊದಲು, ಅದರ ಅಳುವನ್ನು ಕೇಳಲು ಅಲ್ಲಿ ಯಾರಿದ್ದರು ಎಂದು ವಿಚಾರಿಸೋಣ.