ತೊಟ್ಟಿಲ ಹೆಸರು

ಮೊಮ್ಮಗಳಿಗೆ ಮಾದೇವಮ್ಮನೆಂದೇ ಹೆಸರಾಗಬೇಕೆಂದು ಅತ್ತೆಯವರ ಹಟ. ಭಾವನಾ ಎಂಬುದನ್ನು ಬಿಡಲೊಲ್ಲದ ಸೊಸೆ. ತಾಳವಾಡಿಯ ಮನೆಗಳಲ್ಲಿ ಈ ಮುನಿಸು ಅಪರೂಪವೇನಲ್ಲ. ನಮ್ಮ ಗಾಜನೂರಿನವರನ್ನೇ ನೋಡಿರಿ: 1929ರಲ್ಲಿ ಹುಟ್ಟಿದಾಗ ಹೆತ್ತವರು ಮುತ್ತತ್ತಿರಾಯನ ನೆನಪಿನಲ್ಲಿ ಇಟ್ಟ ಹೆಸರು ಮುತ್ತುರಾಜ, 1954ರ ‘ಬೇಡರ ಕಣ್ಣಪ್ಪ’ದಿಂದ ನಾಡಿಗೆಲ್ಲ ರಾಜಕುಮಾರ್. ಅದರಿಂದ ತೊಟ್ಟಿಲ ಹೆಸರೇನೂ ಅಳಿಯಲಿಲ್ಲ. ಆದುದರಿಂದ ಸೋದರಿಯರೇ, ಹಿರಿಯರ ಹೆಸರನ್ನು ಅವರಿಂದಲೇ ಮಗುವಿನ ಕಿವಿಯಲ್ಲಿ ಹೇಳಿಸಿರಿ; ದಾಖಲೆಯಲ್ಲಿ ನಿಮ್ಮದಿರಲಿ. ಅವಸರವೂ ಬೇಡ; ಜನನ ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆದರೆ ಬರೆಸುವ ಮುನ್ನ ಅದನ್ನು ತಮಿಳು ಅಕ್ಷರಗಳಲ್ಲಿ ಬರೆದು ಓದಿಸಿ ನೋಡಿರಿ. ಆ ಲಿಪಿಯಲ್ಲಿ ಭಕಾರಕ್ಕೂ ಪಕಾರಕ್ಕೂ ಅಕ್ಷರವೊಂದೇ. ಭಾವನಾ ಆಗಿ ಶಾಲೆಗೆ ಹೋದವಳು ಪಾವನಾ ಆಗಿ ಮನೆಗೆ ಬಂದಾಳು! ಅಜ್ಜಿಗೆ ಮಾತ್ರ ಅವಳು ಎಂದಿಗೂ ಮಾದೇವಮ್ಮನೇ.