ಪಟದೊಳಗಿನ ಕುದುರೆ

‘ಕುದುರೆ ಕಂಡರೆ ಕಾಲು ನೋವು’ ಎಂಬ ಗಾದೆ ಸವಾರಿಯ ಆಸೆಯುಳ್ಳವನನ್ನು ಕುರಿತದ್ದು. ಕುದುರೆಯನ್ನು ಕೊಳ್ಳಹೊರಟವನು ಯೋಚಿಸಬೇಕಾದುದು ಕುದುರೆಯ ಕಾಲುನೋವನ್ನು. ಇಂದು ದೂರದ ಲಾಯದ ಕುದುರೆ ಎಷ್ಟೋ ವೇಳೆ ಮೊದಲು ಛಾಯಾಚಿತ್ರವಾಗಿಯೇ ಅವನ ಕೈಸೇರುತ್ತದೆ. ಪಟವನ್ನು ಓದಬಲ್ಲವನಿಗೆ ಅದು ಬಹಳ ಹೇಳುತ್ತದೆ. ಓದಲರಿಯದವನಿಗೆ ಮಿರುಗುವ ಮೈಯನ್ನಷ್ಟೇ ತೋರುತ್ತದೆ.

ಮೊದಲು ಪರೀಕ್ಷಿಸಬೇಕಾದುದು ಪಟವನ್ನು, ಆಮೇಲೆ ಕುದುರೆಯನ್ನು. ಕುದುರೆ ಸಮನೆಲದ ಮೇಲೆ ನಿಂತಿರಬೇಕು. ಕ್ಯಾಮರಾ ಅದರ ನೇರ ಪಕ್ಕದಲ್ಲಿ, ಒಡಲಿನ ನಡುಮಟ್ಟದಲ್ಲಿ, ಸಾಕಷ್ಟು ದೂರದಲ್ಲಿ ಇರಬೇಕು. ಕ್ಯಾಮರಾ ತಲೆಯ ಕಡೆಗೆ ಸರಿದು ಹತ್ತಿರವಾದರೆ ಮುಂಭಾಗ ಹಿಗ್ಗಿ ಹಿಂಭಾಗ ಕುಗ್ಗುತ್ತದೆ. ಮುಂಗಾಲುಗಳು ದಿಬ್ಬದ ಮೇಲಿದ್ದರೆ ತಗ್ಗಾದ ಹೆಗಲೂ ಎತ್ತರವಾಗಿ ಕಾಣುತ್ತದೆ. ಗೊರಸುಗಳು ಹುಲ್ಲಿನಲ್ಲಿ ಹುದುಗಿದ್ದರೆ ಬೇರೊಂದು ಪಟವನ್ನು ಕೇಳುವುದೇ ಲೇಸು.

ಬಳಿಕ ದೃಷ್ಟಿ ನೆಲದಿಂದ ಮೇಲೇರಬೇಕು. ಗಿಣ್ಣಿನಿಂದ ಗೊರಸಿನವರೆಗಿನ ಭಾಗವೂ ಗೊರಸಿನ ಮುಂಬದಿಯೂ ಒಂದೇ ಇಳಿಜಾರಿನಲ್ಲಿರಬೇಕು. ಆ ಭಾಗ ತೀರ ನೆಟ್ಟಗಿದ್ದರೆ ನೆಲದ ಪೆಟ್ಟು ಕೀಲುಗಳಿಗೆ ತಾಗುತ್ತದೆ. ತೀರ ಓರೆಯಾಗಿದ್ದರೆ ಸ್ನಾಯುರಜ್ಜುಗಳು ಬಳಲುತ್ತವೆ. ಮುಂಗಾಲಿನ ಮೇಲ್ಭಾಗದ ನಡುವಿನಿಂದ ತೂಗುನೂಲೊಂದನ್ನು ಇಳಿಬಿಟ್ಟಂತೆ ಭಾವಿಸಿದರೆ ಅದು ಮಂಡಿಯ ಮತ್ತು ಗಿಣ್ಣಿನ ನಡುವೆಯೇ ಹಾದು ಇಳಿಯಬೇಕು. ಮಂಡಿ ಆ ಗೆರೆಗಿಂತ ಹಿಂದಕ್ಕೆ ಬಾಗಿದ್ದರೆ ನಾಗಾಲೋಟದಲ್ಲಿ ಅದರ ಕಿರುಮೂಳೆಗಳು ಒಂದನ್ನೊಂದು ಒತ್ತಿ ಮುರಿಯಲೂಬಹುದು. ಭುಜ ಓರೆಯಾಗಿದ್ದರೆ ಹೆಜ್ಜೆ ನೀಳವಾಗುತ್ತದೆ.

ಕಾಲು ಒಳಕ್ಕೋ ಹೊರಕ್ಕೋ ತಿರುಚಿದೆಯೇ ಎಂಬುದನ್ನು ಪಕ್ಕದ ಪಟ ತೋರದು. ಅದಕ್ಕೆ ಎದುರಿನ ಪಟವೇ ಬೇಕು. ಎತ್ತರವನ್ನಂತೂ ಒಂಟಿ ಕುದುರೆಯ ಪಟ ಹೇಳಲಾರದು. ಇದು ಕೊರತೆಯೇ ಸರಿ. ಆದರೆ ಎತ್ತರವನ್ನೇ ನೆಚ್ಚಿದ ಕಣ್ಣು ಮೋಸಹೋದುದೂ ಉಂಟು. 1962ರಲ್ಲಿ ಕೆನಡಾದ ಇ. ಪಿ. ಟೇಲರ್ ತಮ್ಮ ಒಂದು ವರ್ಷದ ಮರಿಗೆ 25,000 ಡಾಲರ್ ಬೆಲೆಯಿಟ್ಟಾಗ, ಅದು ಗಿಡ್ಡವೆಂದು ಯಾರೂ ಕೊಳ್ಳಲಿಲ್ಲ. ಆ ನಾರ್ದರ್ನ್ ಡ್ಯಾನ್ಸರ್ 1964ರಲ್ಲಿ ಕೆಂಟಕಿ ಡರ್ಬಿಯನ್ನು ಸರಿಯಾಗಿ 2 ನಿಮಿಷಗಳಲ್ಲಿ ಓಡಿ ಗೆದ್ದಿತು. ಆ ದಾಖಲೆ 1973ರವರೆಗೆ ಅಳಿಯಲಿಲ್ಲ. ಅಳತೆಗೋಲನ್ನು ನಂಬಿದವರು ಅಂಗಗಳ ಹೊಂದಿಕೆಯನ್ನು ಲೆಕ್ಕಕ್ಕೆ ತರಲಿಲ್ಲ.

ಯಾವ ಕುದುರೆಗಾಗಿ ಪ್ರಯಾಣದ ಖರ್ಚು ವ್ಯರ್ಥವೆಂಬುದನ್ನು ಪಟ ಹೇಳಬಲ್ಲದು. ಯಾವುದನ್ನು ಕೊಳ್ಳಬೇಕೆಂಬುದನ್ನು ಹೇಳಲಾರದು. ಹಣ ಎಣಿಸುವ ಮುನ್ನ ಲಾಯಕ್ಕೆ ಹೋಗಿ, ಗಟ್ಟಿನೆಲದ ಮೇಲೆ ಅದನ್ನು ನಡೆಸಿ, ಓಡಿಸಿ ನೋಡಬೇಕು. ಕುಂಟು ಕುದುರೆಯೂ ಪಟದಲ್ಲಿ ಕುಂಟುವುದಿಲ್ಲ.