ಆ ಹಲಗೆಯ ಮೇಲೆ ಇಬ್ಬರಿಗೂ ಜಾಗವಿತ್ತೆ?

‘ಟೈಟಾನಿಕ್’ ಚಿತ್ರ ನೋಡಿ ಕಣ್ಣೊರೆಸಿಕೊಂಡ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಒಂದೇ: ಜ್ಯಾಕ್ ಯಾಕೆ ಸಾಯಬೇಕಿತ್ತು? 1997ರ ಡಿಸೆಂಬರಿನಲ್ಲಿ ತೆರೆಕಂಡ, ಜೇಮ್ಸ್ ಕ್ಯಾಮರಾನ್ ನಿರ್ದೇಶನದ ಈ ಚಿತ್ರಕ್ಕೆ 11 ಆಸ್ಕರ್ ಪ್ರಶಸ್ತಿಗಳು ಬಂದವು. ಪ್ರಶಸ್ತಿಗಳ ಮಾತು ಹಳತಾಯಿತು. ಹಲಗೆಯ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಕಥೆ ಗೊತ್ತಿರುವುದೇ. ಹಡಗು ಮುಳುಗಿದ ಮೇಲೆ ಜ್ಯಾಕ್ ಡಾಸನ್ ತನ್ನ ಪ್ರೇಯಸಿ ರೋಸ್‌ಳನ್ನು ತೇಲುತ್ತಿರುವ ಮರದ ಹಲಗೆಯೊಂದರ ಮೇಲೆ ಹತ್ತಿಸುತ್ತಾನೆ. ತಾನೂ ಹತ್ತಲು ಹೋದಾಗ ಹಲಗೆ ಮಗುಚುತ್ತದೆ. ಮತ್ತೆ ಪ್ರಯತ್ನಿಸುವುದಿಲ್ಲ. ನೀರಿನಲ್ಲೇ ಉಳಿದು, ಅವಳ ಕೈ ಹಿಡಿದುಕೊಂಡೇ ಮರಗಟ್ಟಿ ಸಾಯುತ್ತಾನೆ. ‘ಅಷ್ಟಗಲದ ಹಲಗೆ, ಇಬ್ಬರೂ ಮಲಗಬಹುದಿತ್ತಲ್ಲ!’ ಎಂಬುದು ಎಲ್ಲರ ಆಕ್ಷೇಪ. ಮಲಗಬಹುದಿತ್ತು, ನಿಜ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಜಾಗವಲ್ಲ, ಹಲಗೆ ಹೊರಬಲ್ಲ ಭಾರ.

ಶಾಲೆಯಲ್ಲಿ ಕಲಿತ ಆರ್ಕಿಮಿಡೀಸನ ತತ್ವ ಇಲ್ಲಿ ಕೆಲಸಕ್ಕೆ ಬರುತ್ತದೆ. ಓಕ್ ಮರದ ಹಲಗೆಯೊಂದು 180 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪ ಇದೆ ಎಂದುಕೊಳ್ಳಿ. ಅದರ ಗಾತ್ರ 162 ಲೀಟರ್. ಪೂರ್ತಿ ಮುಳುಗಿದರೆ ಅದು ಪಕ್ಕಕ್ಕೆ ತಳ್ಳುವ ಸಮುದ್ರದ ನೀರಿನ ತೂಕ ಸುಮಾರು 166 ಕಿಲೋ. ಓಕ್ ಮರ ಲೀಟರಿಗೆ 700 ಗ್ರಾಂ ತೂಗುತ್ತದೆ ಎಂದರೆ ಹಲಗೆಯದೇ ತೂಕ 113 ಕಿಲೋ ಆಯಿತು. ಉಳಿದದ್ದು 53 ಕಿಲೋ. ಇಬ್ಬರು ಹಾಯಾಗಿ ಮಲಗುವಷ್ಟು ಅಗಲವಿದ್ದರೂ ಆ ಹಲಗೆ ಹೊರುವುದು ಒಬ್ಬ ತೆಳ್ಳಗಿನ ವ್ಯಕ್ತಿಯನ್ನು ಮಾತ್ರ.

ಹಾಗಾದರೆ ಉಪಾಯವೇ ಇರಲಿಲ್ಲವೆ? 2012ರಲ್ಲಿ ‘ಮಿತ್‌ಬಸ್ಟರ್ಸ್’ ಎಂಬ ಟಿ.ವಿ. ಕಾರ್ಯಕ್ರಮದ ಆಡಂ ಸ್ಯಾವೇಜ್ ಮತ್ತು ಜೇಮೀ ಹೈನ್‌ಮನ್ ಒಂದು ದಾರಿ ತೋರಿಸಿದರು. ರೋಸ್ ಲೈಫ್ ಜಾಕೆಟ್ ತೊಟ್ಟಿದ್ದಾಳೆ. ಅದನ್ನು ಬಿಚ್ಚಿ ಹಲಗೆಯ ಅಡಿಗೆ ಕಟ್ಟಿದ್ದರೆ ಇಬ್ಬರನ್ನೂ ಹೊರುವ ಬಲ ಬರುತ್ತಿತ್ತು ಎಂದು ಪ್ರಯೋಗ ಮಾಡಿಯೇ ತೋರಿಸಿದರು. ಇದರ ಸೊಗಸು ಗಮನಿಸಬೇಕು. ನೀರಿನಿಂದ ಮೇಲೆ, ಮೈಮೇಲೆ ಇರುವ ಜಾಕೆಟ್ ತೇಲಿಸುವುದಿಲ್ಲ, ಹಲಗೆಗೆ ಅದೂ ಒಂದು ಹೊರೆ. ನೀರಿನಡಿಗೆ ಹೋದಾಗಲೇ ಅದು ಎತ್ತಿಹಿಡಿಯುತ್ತದೆ. ಮನೆಯಲ್ಲೇ ನೋಡಬಹುದು: ನೀರಿನ ತೊಟ್ಟಿಯಲ್ಲಿ ಊಟದ ಮಣೆ ತೇಲಿಬಿಟ್ಟು, ಅದು ಮುಳುಗುವಷ್ಟು ತೂಕ ಇಡಿ. ಥರ್ಮೋಕೋಲ್ ತುಂಡೊಂದನ್ನು ಮಣೆಯ ಮೇಲಿಟ್ಟರೆ ಏನೂ ಪ್ರಯೋಜನವಿಲ್ಲ. ಅದನ್ನೇ ಅಡಿಗೆ ಕಟ್ಟಿದರೆ ಮಣೆ ಮೇಲೇಳುತ್ತದೆ. ಇಂಥ ಪ್ರಯೋಗಕ್ಕೆ ಅಮ್ಮನ ಅನುಮತಿ ಮೊದಲು ಪಡೆಯುವುದು ಒಳ್ಳೆಯದು.

ಆದರೆ ಈ ಉಪಾಯ ಕಾಗದದ ಮೇಲೆ ಚೆನ್ನ, ಕಡಲಿನಲ್ಲಿ ಕಷ್ಟ. 1912ರ ಏಪ್ರಿಲ್ 15ರ ಆ ನಸುಕಿನಲ್ಲಿ ಅಟ್ಲಾಂಟಿಕ್ ನೀರಿನ ಉಷ್ಣತೆ ಶೂನ್ಯಕ್ಕಿಂತ ಎರಡು ಡಿಗ್ರಿ ಕೆಳಗಿತ್ತು. ಉಪ್ಪು ಇದ್ದುದರಿಂದ ಮಂಜುಗಡ್ಡೆ ಆಗಿರಲಿಲ್ಲ, ಅಷ್ಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಅಂಥ ನೀರಿಗೆ ಬಿದ್ದವನಿಗೆ ಮೊದಲ ಒಂದು ನಿಮಿಷ ಉಸಿರು ಕಟ್ಟಿ ಏದುಸಿರು; ಮುಂದೆ ಹತ್ತು ನಿಮಿಷದೊಳಗೆ ಕೈಬೆರಳುಗಳು ಮಾತು ಕೇಳುವುದಿಲ್ಲ; ಒಂದು ಗಂಟೆಯ ಹೊತ್ತಿಗೆ ಪ್ರಜ್ಞೆ ತಪ್ಪುತ್ತದೆ. ಅಂದರೆ ಜ್ಯಾಕ್ ಬೆರಳುಗಳು ಬದುಕಿರುವ ಹತ್ತು ನಿಮಿಷದಲ್ಲಿ, ಕತ್ತಲಲ್ಲಿ, ಹಲಗೆಯ ಅಡಿಗೆ ಮತ್ತೆ ಮತ್ತೆ ಮುಳುಗಿ ಗಂಟು ಹಾಕಬೇಕಿತ್ತು. ಆ ಮುಳುಗಾಟವೇ ಅವನನ್ನು ಕೊಲ್ಲುತ್ತಿತ್ತು ಎಂದು ಕ್ಯಾಮರಾನ್ ವಾದಿಸಿದರು. ಅವರ ಮಾತಿನಲ್ಲಿ ಹುರುಳಿದೆ.

ಇಷ್ಟಾದರೂ ನಿರ್ದೇಶಕರಿಗೇ ಸಮಾಧಾನವಾಗಲಿಲ್ಲವೋ ಏನೋ! 2023ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಗಾಗಿ ಅವರೇ ಪರೀಕ್ಷೆ ನಡೆಸಿದರು. ನಾಯಕ ನಾಯಕಿಯರಷ್ಟೇ ಮೈಕಟ್ಟಿನ ಇಬ್ಬರು ಸಾಹಸ ಕಲಾವಿದರನ್ನು ತಣ್ಣೀರಿಗೆ ಇಳಿಸಿದರು. ಇಬ್ಬರೂ ಪೂರ್ತಿ ಹತ್ತಿ ಮಲಗಿದಾಗ ಹಲಗೆ ನಿಲ್ಲಲಿಲ್ಲ. ಆದರೆ ಎದೆಯಿಂದ ಮೇಲಿನ ಭಾಗವನ್ನಷ್ಟೇ ಹಲಗೆಯ ಮೇಲೆ ಚಾಚಿ, ಕಾಲುಗಳನ್ನು ನೀರಿನಲ್ಲೇ ಬಿಟ್ಟಾಗ ಅದು ಇಬ್ಬರನ್ನೂ ಹೊತ್ತಿತು. ಇದಕ್ಕೂ ಆರ್ಕಿಮಿಡೀಸನೇ ಸಾಕ್ಷಿ: ನೀರಿನೊಳಗಿನ ಕಾಲುಗಳ ಭಾರವನ್ನು ನೀರೇ ಹೊರುತ್ತದೆ, ಹಲಗೆಯ ಪಾಲಿಗೆ ಬರುವುದು ಮೇಲಿನ ಭಾಗ ಮಾತ್ರ. ಹೃದಯ, ಶ್ವಾಸಕೋಶಗಳು ನೀರಿನಿಂದ ಹೊರಗೆ ಉಳಿದರೆ ಸಾವಿನ ಗಡುವು ಮುಂದಕ್ಕೆ ಹೋಗುತ್ತದೆ. ರೋಸ್ ತನ್ನ ಜಾಕೆಟ್ಟನ್ನು ಜ್ಯಾಕ್‌ಗೆ ಕೊಟ್ಟಿದ್ದರೆ ರಕ್ಷಣಾ ದೋಣಿ ಬರುವವರೆಗೆ ಅವನು ಉಳಿಯಬಹುದಿತ್ತು ಎಂದು ಕ್ಯಾಮರಾನ್ ಒಪ್ಪಿಕೊಂಡರು. ಆದರೆ ಅವಳ ಜೀವಕ್ಕೆ ಅಪಾಯ ತರುವ ಯಾವುದನ್ನೂ ಜ್ಯಾಕ್ ಮಾಡುವವನಲ್ಲ ಎಂಬ ತಮ್ಮ ಪಟ್ಟು ಮಾತ್ರ ಬಿಡಲಿಲ್ಲ. ಪಾತ್ರವನ್ನು ಸೃಷ್ಟಿಸಿದವರ ಮಾತು ಅದು. (ಅಂದಹಾಗೆ, ದೋಣಿ ಹತ್ತಿದ್ದ ರೋಸ್ ಮತ್ತೆ ಹಡಗಿಗೆ ಜಿಗಿಯದೆ ಇದ್ದಿದ್ದರೆ ಹಲಗೆ ಪೂರ್ತಿ ಜ್ಯಾಕ್‌ನದೇ ಆಗುತ್ತಿತ್ತು. ಪ್ರೇಮಕಥೆ ಮಾತ್ರ ಇರುತ್ತಿರಲಿಲ್ಲ!)

ಸಿನಿಮಾದ ಹಲಗೆಗೂ ಚರಿತ್ರೆ ಇದೆ. ಟೈಟಾನಿಕ್ ಮುಳುಗಿದ ಜಾಗದಲ್ಲಿ ಸಿಕ್ಕ, ಕೆತ್ತನೆಯ ಓಕ್ ಮರದ ತುಂಡೊಂದು ಕೆನಡಾದ ಹ್ಯಾಲಿಫ್ಯಾಕ್ಸ್‌ನ ಅಟ್ಲಾಂಟಿಕ್ ಸಾಗರ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ನೋಡಿಯೇ ಚಿತ್ರದ ಹಲಗೆ ಮಾಡಿದ್ದು. ಆದರೆ ಚಿತ್ರದ್ದು ಹಗುರವಾದ ಬಾಲ್ಸಾ ಮರ. 2024ರ ಹರಾಜಿನಲ್ಲಿ ಅದು 7 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು.

ಜ್ಯಾಕ್ ಕಲ್ಪನೆಯ ಹುಡುಗ. ಆ ರಾತ್ರಿ ನಿಜವಾಗಿ ಸತ್ತವರು 1,500ಕ್ಕೂ ಹೆಚ್ಚು ಮಂದಿ. ಅವರ ನಡುವೆ ಬದುಕಿದವರ ಕಥೆಗಳು ಯಾವ ಚಿತ್ರಕಥೆಗೂ ಕಡಿಮೆಯಿಲ್ಲ. ಬೋರಲಾಗಿ ಬಿದ್ದ ಒಂದು ದೋಣಿಯ ಬೆನ್ನಿನ ಮೇಲೆ ಸುಮಾರು 30 ಗಂಡಸರು ಹತ್ತಿದ್ದರು. ಹಡಗಿನ ಎರಡನೆಯ ಅಧಿಕಾರಿ ಚಾರ್ಲ್ಸ್ ಲೈಟೋಲರ್ ಅವರನ್ನು ಸಾಲಾಗಿ ನಿಲ್ಲಿಸಿ, ಅಲೆ ಬಂದಂತೆಲ್ಲ ‘ಎಡಕ್ಕೆ ವಾಲಿ’, ‘ಬಲಕ್ಕೆ ವಾಲಿ’ ಎಂದು ಹೇಳುತ್ತಾ ಬೆಳಗಿನವರೆಗೆ ಮಗುಚದಂತೆ ಕಾಪಾಡಿದರು. ಜ್ಯಾಕ್ ಮತ್ತು ರೋಸ್ ಮಾಡಬೇಕಿದ್ದದ್ದೂ ಇದನ್ನೇ: ಎದುರುಬದುರಿನಿಂದ ಒಟ್ಟಿಗೆ ಹತ್ತಿ ಭಾರ ಸಮಗೊಳಿಸುವುದು.

ಇನ್ನೊಬ್ಬನಂತೂ ನಿಜಕ್ಕೂ ಹಲಗೆಯ ಮೇಲೇ ಬದುಕಿದವನು. ಹೆಸರು ಫಾಂಗ್ ಲ್ಯಾಂಗ್, ಚೀನಾದ ನಾವಿಕ. ಅಧಿಕಾರಿ ಹೆರಾಲ್ಡ್ ಲೋ ತನ್ನ ದೋಣಿಯನ್ನು ತಿರುಗಿಸಿ ತಂದಾಗ ನೀರಿನಲ್ಲಿದ್ದವರಲ್ಲಿ ಜೀವಂತವಾಗಿ ಸಿಕ್ಕಿದ್ದು ಕೆಲವೇ ಕೆಲವರು. ತೇಲುವ ಮರಕ್ಕೆ ತನ್ನನ್ನು ಕಟ್ಟಿಕೊಂಡಿದ್ದ ಈತ ಅವರಲ್ಲೊಬ್ಬ. ಕ್ಯಾಮರಾನ್ ಈ ಘಟನೆಯನ್ನೂ ಚಿತ್ರೀಕರಿಸಿದ್ದರು, ಆದರೆ ಚಿತ್ರದಲ್ಲಿ ಉಳಿಸಿಕೊಳ್ಳಲಿಲ್ಲ. ಆ ಹಡಗಿನಲ್ಲಿದ್ದ ಎಂಟು ಮಂದಿ ಚೀನೀಯರಲ್ಲಿ ಆರು ಜನ ಉಳಿದರು. ಬದುಕಿ ನ್ಯೂಯಾರ್ಕ್ ತಲುಪಿದರೂ, ಅಂದಿನ ಅಮೆರಿಕದ ಚೀನೀ ಬಹಿಷ್ಕಾರ ಕಾನೂನಿನಿಂದಾಗಿ ಅವರಿಗೆ ಅಲ್ಲಿ ನೆಲೆಸಲು ಅವಕಾಶವಾಗಲಿಲ್ಲ. ಒಂದು ದಿನದೊಳಗೆ ಬೇರೆ ಹಡಗು ಹತ್ತಿಸಿ ಕಳಿಸಿಬಿಟ್ಟರು. 2021ರಲ್ಲಿ ಬಂದ ‘ದ ಸಿಕ್ಸ್’ ಎಂಬ ಸಾಕ್ಷ್ಯಚಿತ್ರ ಈ ಆರು ಮಂದಿಯ ಜಾಡು ಹಿಡಿದು ಹೋಯಿತು. ಮುಂದೆ ಅಮೆರಿಕದಲ್ಲೇ ಬಾಳಿದ ಫಾಂಗ್ ಲ್ಯಾಂಗ್ ಟೈಟಾನಿಕ್‌ನ ಆ ರಾತ್ರಿಯ ಬಗ್ಗೆ ತನ್ನ ಮಗನಿಗೂ ಒಂದು ಮಾತು ಹೇಳಿರಲಿಲ್ಲ.